ಸೋತ ಲಸಿಕೆಯ ಸಾಕ್ಷ್ಯ

ಉತ್ತರ ಕನ್ನಡದ ಸೋಂದಾ ಸ್ವರ್ಣವಲ್ಲಿ ಮಠದ ಸುತ್ತಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಲಸಿಕೆಯ ಮಾತೆತ್ತಿದರೆ ಒಂದು ವಾದ ಎದುರಾಗದೆ ಇರುವುದಿಲ್ಲ. ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆಂದು ಮೂರು ದಶಕ ಸೂಜಿ ಚುಚ್ಚಿದರು. ಚುಚ್ಚಿಸಿಕೊಂಡವರೂ ಜ್ವರ ಬಂದು ಮಲಗಿದರು. ಕೊನೆಗೆ 2022ರಲ್ಲಿ ಸರ್ಕಾರವೇ ಆ ಲಸಿಕೆಯನ್ನು ಕೈಬಿಟ್ಟಿತು. ಈಗ ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ಸು ಕಾರಣ, ಹೆಣ್ಣುಮಕ್ಕಳಿಗೆ ಅದರ ಲಸಿಕೆ ಹಾಕಿಸಿ ಎಂದು ಅದೇ ಇಲಾಖೆ ಹೇಳಿದರೆ ನಂಬುವುದು ಹೇಗೆ? ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಸೊಪ್ಪಿನ ಬೆಟ್ಟಕ್ಕೆ ದರಕು ತರಲು ಹೋಗಿ ಉಣುಗು ಕಚ್ಚಿಸಿಕೊಂಡವರ ಅನುಭವ ಅದರ ಹಿಂದಿದೆ. ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲೂ ಈ ಕಾಯಿಲೆ ಜೀವ ತೆಗೆದಿದೆ. ಅನುಭವ ನಿಜ. ಅದರಿಂದ ಎಳೆದಿರುವ ತೀರ್ಮಾನ ಮಾತ್ರ ಗೋಜಲಾಗಿದೆ. ಗೋಜಲು ಎಲ್ಲಿದೆ ಎಂದು ನೋಡಬೇಕಾದರೆ ಒಂದೇ ಉಸಿರಿನಲ್ಲಿ ಹೇಳುವ ಮೂರು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು.

1. ಒಂದು ಲಸಿಕೆ ಸೋತಿದೆ. ಆದ್ದರಿಂದ ಇನ್ನೊಂದನ್ನು ನಂಬಲು ಕಾರಣವಿಲ್ಲ.

2. ವೈರಸ್ಸೇ ಕ್ಯಾನ್ಸರಿನ ಕಾರಣವಾಗಿದ್ದರೆ ಸೋಂಕು ತಗುಲಿದವರಿಗೆಲ್ಲ ಕ್ಯಾನ್ಸರ್ ಬರಬೇಕಿತ್ತು, ಬರುವುದಿಲ್ಲ.

3. ಲಸಿಕೆ ಮಾಡುವವರು, ಪರೀಕ್ಷಿಸುವವರು, ಹೊಗಳುವವರು ಎಲ್ಲರೂ ಒಂದೇ ಬಳಗ. ಅವರಿಂದ ವಿರುದ್ಧ ತೀರ್ಪು ಹೊರಡುವುದಿಲ್ಲ.

ಮೂರನ್ನೂ ಒರೆಗೆ ಹಚ್ಚಲು ಒಬ್ಬ ಸಂಶೋಧಕನ ವೃತ್ತಿಜೀವನ ಸಾಕು. ಡಾ. ಕೀರ್ತಿ ಶಾ ಅವರ ಹೆಸರು ಮಲೆನಾಡಿನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಅವರ ಆರಂಭದ ಕೆಲಸ ನಡೆದದ್ದು ಮಾತ್ರ ನಮ್ಮ ಕಾಯಿಲೆಯ ಮೇಲೆಯೇ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಜನರಿಗೂ ಜ್ವರ ಹಬ್ಬಿದಾಗ ಅದರ ವೈರಸ್ಸನ್ನು ಪತ್ತೆಹಚ್ಚಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. ಹೊಸ ವೈರಸ್ಸು ರಷ್ಯಾದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ನಂಟಿನದು ಎಂದು ಗೊತ್ತಾಯಿತು. ರಷ್ಯಾದ ಕಾಯಿಲೆಗೆ ಇಲಿಯ ಮಿದುಳಿನಲ್ಲಿ ಬೆಳೆಸಿ ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಇತ್ತು. ದಾಯಾದಿ ವೈರಸ್ಸಿನ ಲಸಿಕೆ ಇಲ್ಲಿಯೂ ನಾಟೀತು ಎಂಬ ಆಸೆಯಿಂದ ಅದನ್ನು ಕಾಯಿಲೆಯ ಸೀಮೆಯ ಜನರಿಗೆ ಕೊಟ್ಟರು. ಫಲವೇನಾಯಿತು ಎಂದು ತೂಗಿ ನೋಡಿದ ವರದಿ 1962ರಲ್ಲಿ ಪ್ರಕಟವಾಯಿತು. ಅದರ ಮೊದಲ ಲೇಖಕ ಅದೇ ಕೇಂದ್ರದ ಶಾ. ಲಸಿಕೆ ಪಡೆದವರಿಗೆ ಮಂಗನ ಕಾಯಿಲೆಯಿಂದ ರಕ್ಷಣೆ ಸಿಕ್ಕಿಲ್ಲ ಎಂಬುದೇ ಅದರ ತಾತ್ಪರ್ಯ. ಆ ಲಸಿಕೆಯ ಕಥೆ ಅಲ್ಲಿಗೆ ಮುಗಿಯಿತು. ಮೂರನೆಯ ಮಾತು ಇಲ್ಲಿಯೇ ಮೊದಲ ಪೆಟ್ಟು ತಿನ್ನುತ್ತದೆ. ಲಸಿಕೆ ಕೆಲಸ ಮಾಡಲಿಲ್ಲವೆಂದು ಬರೆದಿಟ್ಟದ್ದು ಲಸಿಕೆಯ ವಿರೋಧಿಗಳಲ್ಲ, ಆ ಕಾರ್ಯಕ್ರಮದ ಸಂಸ್ಥೆಯೊಳಗಿನವರೇ.

ಈಗ ಮೊದಲನೆಯ ಮಾತು. ‘ಲಸಿಕೆ ಸೋತಿತು’ ಎಂಬುದು ನಮಗೆ ಹೇಗೆ ಗೊತ್ತು? ‘ಹಾಕಿಸಿಕೊಂಡವರಿಗೂ ಬಂತು’ ಎಂಬ ಉತ್ತರ ಸಾಲದು. ಸಾವಿರ ಜನರ ಒಂದು ಊರನ್ನು ಎಣಿಸಿಕೊಳ್ಳಿ. 900 ಜನ ಲಸಿಕೆ ಪಡೆದಿದ್ದಾರೆ, 100 ಜನ ಪಡೆದಿಲ್ಲ. ಲಸಿಕೆ ಇಲ್ಲದವರಲ್ಲಿ ನೂರಕ್ಕೆ ಹತ್ತು ಜನರಿಗೆ ಕಾಯಿಲೆ ಬರುತ್ತದೆ. ಲಸಿಕೆ ಶೇ 80ರಷ್ಟು ರಕ್ಷಣೆ ಕೊಡುತ್ತದೆ ಎಂದಿಟ್ಟುಕೊಳ್ಳಿ. ಲಸಿಕೆ ಇಲ್ಲದ 10 ಜನ, ಲಸಿಕೆ ಪಡೆದ 18 ಜನ ಮಲಗುತ್ತಾರೆ. ಊರಿನವರ ಕಣ್ಣಿಗೆ ಬೀಳುವುದು 28 ರೋಗಿಗಳಲ್ಲಿ 18 ಮಂದಿ ಚುಚ್ಚಿಸಿಕೊಂಡವರೇ ಎಂಬುದು. ಮಲಗಬೇಕಾಗಿದ್ದ ಇನ್ನೂ 72 ಜನ ತೋಟಕ್ಕೆ ಹೋಗಿಬರುತ್ತಿದ್ದಾರೆ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ, ಯಾಕೆಂದರೆ ಬಾರದ ಕಾಯಿಲೆಗೆ ಹೆಸರು ವಿಳಾಸ ಇರುವುದಿಲ್ಲ. ಒಳ್ಳೆಯ ಲಸಿಕೆಯಿದ್ದ ಊರಿನಲ್ಲೂ ಕೆಟ್ಟ ಲಸಿಕೆಯಿದ್ದ ಊರಿನಲ್ಲೂ ‘ಹಾಕಿಸಿಕೊಂಡವರಿಗೂ ಬಂತು’ ಎಂಬ ಮಾತು ಒಂದೇ ಬಗೆಯಲ್ಲಿ ನಿಜವಾಗಿರುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವುದು ಹೋಲಿಕೆಯ ಲೆಕ್ಕ ಮಾತ್ರ: ಪಡೆದವರಲ್ಲಿ ನೂರಕ್ಕೆಷ್ಟು, ಪಡೆಯದವರಲ್ಲಿ ನೂರಕ್ಕೆಷ್ಟು.

ನಮ್ಮ ಭಾಗಕ್ಕೆ ಆಮೇಲೆ ಬಂದ ಲಸಿಕೆ ಬೇರೆ. ಕೋಳಿಭ್ರೂಣದ ಜೀವಕೋಶಗಳಲ್ಲಿ ಮಂಗನ ಕಾಯಿಲೆಯ ವೈರಸ್ಸನ್ನೇ ಬೆಳೆಸಿ, ನಿಷ್ಕ್ರಿಯಗೊಳಿಸಿ ಮಾಡಿದ್ದು. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ 1990ರಿಂದ 1992ರವರೆಗೆ ನಡೆದ ಪರೀಕ್ಷೆ ಒಂದು ಡೋಸಿಗೆ ಶೇ 79, ಎರಡು ಡೋಸಿಗೆ ಶೇ 93ರಷ್ಟು ರಕ್ಷಣೆ ಕಂಡಿತ್ತು. ಆದರೆ 2005ರಿಂದ 2010ರವರೆಗಿನ ದಾಖಲೆಗಳನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಡೋಸಿನಿಂದ ಪ್ರಯೋಜನವೇ ಕಾಣಲಿಲ್ಲ. ಎರಡು ಡೋಸಿನ ರಕ್ಷಣೆ ಶೇ 62ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ ಶೇ 83ರಷ್ಟಿತ್ತು. ಮುಂದೆ ಲಸಿಕೆಯ ಸತ್ವವೇ ಕುಸಿದದ್ದು ಪರೀಕ್ಷೆಗಳಲ್ಲಿ ಬಯಲಾಯಿತು, ಅದನ್ನು ನಿಲ್ಲಿಸಿದರು. ಹೀಗೆ ‘ಸೋತಿತು’ ಎಂಬ ಮಾತಿಗೆ ಅನುಮಾನದ ಮಟ್ಟ ದಾಟಿ ತಿಳಿವಿನ ಬೆಲೆ ಬಂದದ್ದು ಎಣಿಕೆಯಿಂದ. ಸೋಲನ್ನು ಒಪ್ಪುವವರು ಆ ಸೋಲನ್ನು ತೋರಿಸಿದ ತಕ್ಕಡಿಯನ್ನೂ ಒಪ್ಪಿದಂತಾಯಿತು. ಅದೇ ತಕ್ಕಡಿ ಇನ್ನೊಂದು ಲಸಿಕೆಯ ಕಡೆಗೆ ವಾಲಿದಾಗ ‘ತಕ್ಕಡಿಯೇ ಸುಳ್ಳು’ ಎನ್ನಲು ಅವರಿಗೆ ದಾರಿ ಉಳಿಯುವುದಿಲ್ಲ.

ಶಾ ಮುಂದೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ನೆಲೆ ನಿಂತು, ಕ್ಯಾನ್ಸರ್ ತರಬಲ್ಲ ವೈರಸ್ಸುಗಳ ಅಧ್ಯಯನಕ್ಕೆ ಹೊರಳಿದರು. ಎರಡನೆಯ ಮಾತನ್ನು, ಅಂದರೆ ‘ಸೋಂಕಿದ್ದವರಿಗೆಲ್ಲ ಕ್ಯಾನ್ಸರ್ ಏಕಿಲ್ಲ’ ಎಂಬುದನ್ನು, ಈ ಘಟ್ಟದಲ್ಲಿ ನೋಡಬೇಕು. ಗರ್ಭಕಂಠದ ಕ್ಯಾನ್ಸರಿಗೆ ಹರ್ಪಿಸ್ ಗುಂಪಿನ ಒಂದು ವೈರಸ್ಸು ಕಾರಣವೆಂದು 1970ರ ದಶಕದಲ್ಲಿ ಬಹಳ ಮಂದಿ ನಂಬಿದ್ದರು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಗಡ್ಡೆಗಳಲ್ಲಿ ಅದರ ಡಿಎನ್‌ಎ ಹುಡುಕಿದರು, ಸಿಗಲಿಲ್ಲ. ಅವರ ತಂಡ 1983ರಲ್ಲಿ ಎಚ್‌ಪಿವಿ 16, ಮರುವರ್ಷ ಎಚ್‌ಪಿವಿ 18 ಎಂಬ ಬಗೆಗಳನ್ನು ಗಡ್ಡೆಗಳಲ್ಲೇ ಕಂಡಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಗಡ್ಡೆಯಲ್ಲಿ ವೈರಸ್ಸು ಸಿಕ್ಕಿತೆಂದ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಸುಮ್ಮನೆ ಬಂದು ಸೇರಿಕೊಂಡಿರಲೂಬಹುದು. ಶಾ ಭಾಗಿಯಾಗಿದ್ದ ಅಂತರರಾಷ್ಟ್ರೀಯ ತಂಡ ಈ ಪ್ರಶ್ನೆಯನ್ನು ದೊಡ್ಡದಾಗಿ ಎತ್ತಿಕೊಂಡಿತು. 22 ದೇಶಗಳಿಂದ ಸಾವಿರದಷ್ಟು ಗಡ್ಡೆಗಳನ್ನು ತರಿಸಿ, ಒಂದೇ ವಿಧಾನದಿಂದ ಪರೀಕ್ಷಿಸಿ, ಶೇ 93ರಲ್ಲಿ ಎಚ್‌ಪಿವಿ ಇದೆಯೆಂದು 1995ರಲ್ಲಿ ಪ್ರಕಟಿಸಿತು. ಅಲ್ಲಿಗೇ ನಿಲ್ಲಿಸಿದ್ದರೂ ಹೆಸರು ಬರುತ್ತಿತ್ತು. ಉಳಿದ ಶೇ 7ರ ಬಗ್ಗೆ ಅವರು ಇನ್ನೊಂದು ಪ್ರಶ್ನೆ ಕೇಳಿಕೊಂಡರು: ಅವುಗಳಲ್ಲಿ ವೈರಸ್ಸೇ ಇಲ್ಲವೋ, ನಮ್ಮ ಪರೀಕ್ಷೆಗೆ ಅದು ಸಿಕ್ಕಿಲ್ಲವೋ? ಸಂಶಯದ ಮಾದರಿಗಳನ್ನು ಮತ್ತೆ ಸೀಳಿ, ಬೇರೆ ವಿಧಾನಗಳಿಂದ ನೋಡಿ, ಸರಿಯಾದ ಮಾದರಿಗಳ ಲೆಕ್ಕದಲ್ಲಿ ಶೇ 99.7ರಲ್ಲಿ ವೈರಸ್ಸು ಇದೆಯೆಂದು 1999ರಲ್ಲಿ ಹೇಳಿದರು. ಎಚ್‌ಪಿವಿ ಇಲ್ಲದೆ ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಇದು ಆಧಾರ.

‘ಎಚ್‌ಪಿವಿ ಇಲ್ಲದೆ ಈ ಕ್ಯಾನ್ಸರ್ ಇಲ್ಲ’ ಎಂಬುದಕ್ಕೂ ‘ಎಚ್‌ಪಿವಿ ಇದ್ದಲ್ಲೆಲ್ಲ ಕ್ಯಾನ್ಸರ್’ ಎಂಬುದಕ್ಕೂ ಇರುವ ಅಂತರವೇ ಎರಡನೆಯ ಮಾತಿಗೆ ಉತ್ತರ. ಅಡಿಕೆ ಸೀಮೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಕೊಳೆರೋಗಕ್ಕೆ ಶಿಲೀಂಧ್ರವನ್ನು ಹೋಲುವ ಒಂದು ಜೀವಿ ಕಾರಣ. ಅದು ಇದ್ದ ತೋಟದಲ್ಲೆಲ್ಲ ಪ್ರತಿ ವರ್ಷ ಕೊನೆ ಉದುರುವುದಿಲ್ಲ. ಬಿಟ್ಟೂಬಿಡದೆ ಮಳೆ ಹಿಡಿಯಬೇಕು, ಥಂಡಿ ಕೂರಬೇಕು. ಹಾಗೆಂದು ಕೊಳೆಗೆ ಆ ಜೀವಿ ಕಾರಣವಲ್ಲ ಎನ್ನುವ ಬೆಳೆಗಾರನಿಲ್ಲ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಸುತ್ತಾನೆ, ರೋಗ ಹತ್ತಿದ ಮೇಲಲ್ಲ. ಎಚ್‌ಪಿವಿಯದೂ ಇದೇ ತರ್ಕ. ಸೋಂಕು ಬಹಳ ಸಾಮಾನ್ಯ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ತೊಡೆದುಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ಅದರ ಇ6 ಮತ್ತು ಇ7 ಎಂಬ ಪ್ರೋಟೀನುಗಳು ಜೀವಕೋಶದ ಎರಡು ಕಾವಲು ಪ್ರೋಟೀನುಗಳನ್ನು ಕೆಲಸಗೆಡಿಸುತ್ತವೆ. ಹತ್ತಿಪ್ಪತ್ತು ವರ್ಷಗಳ ಮೇಲೆ ಗಡ್ಡೆ ಮೂಡುತ್ತದೆ. ಧೂಮಪಾನ, ಹೆಚ್ಚು ಹೆರಿಗೆ, ಕುಗ್ಗಿದ ರೋಗನಿರೋಧ ಶಕ್ತಿ ಇವೆಲ್ಲ ಆ ದಾರಿಯನ್ನು ಸುಗಮ ಮಾಡುತ್ತವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ, ಲಸಿಕೆಯಿಲ್ಲದ ಕಾಲದಲ್ಲೇ ಈ ಕ್ಯಾನ್ಸರ್ ಇಳಿಮುಖವಾಗಿ ಸ್ತನ ಕ್ಯಾನ್ಸರ್ ಅದನ್ನು ದಾಟಿತು. ‘ಹಾಗಿದ್ದರೆ ಲಸಿಕೆ ಯಾಕೆ?’ ಎಂದು ಕೆಲವರು ಕೇಳುತ್ತಾರೆ. ಸಹಾಯಕ ಕಾರಣಗಳು ಕುಗ್ಗಿದಾಗ ಕಾಯಿಲೆಯೂ ಕುಗ್ಗುವುದು ಸಹಜವೇ. ಆದರೂ ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೊಸ ರೋಗಿಗಳು, 80 ಸಾವಿರದಷ್ಟು ಸಾವುಗಳು ಎಂಬ ಅಂದಾಜು ಇರುವಾಗ, ತಾನಾಗಿ ಇಳಿಯುವುದನ್ನು ಕಾಯೋಣ ಎನ್ನುವುದಕ್ಕೆ ಬೆಲೆ ತೆರುವವರು ಬೇರೆಯವರು.

ಕಾರಣವೆಂಬುದಕ್ಕೆ ಕೊನೆಯ ಪುರಾವೆ, ಕಾರಣವನ್ನು ತೆಗೆದಾಗ ಕಾಯಿಲೆ ಇಳಿಯಬೇಕು ಎಂಬುದು. ಸ್ವೀಡನ್ನಿನಲ್ಲಿ 16 ಲಕ್ಷಕ್ಕೂ ಹೆಚ್ಚು ಹುಡುಗಿಯರು ಮತ್ತು ಮಹಿಳೆಯರ ದಾಖಲೆ ನೋಡಿದ 2020ರ ಅಧ್ಯಯನದ ಪ್ರಕಾರ, 17 ತುಂಬುವ ಮೊದಲೇ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆ. ಇಂಗ್ಲೆಂಡಿನಲ್ಲಿ 12–13ರ ವಯಸ್ಸಿಗೆ ಪಡೆದವರಲ್ಲಿ ಶೇ 87 ಇಳಿಕೆ ಎಂದು 2021ರಲ್ಲಿ ವರದಿಯಾಯಿತು. ಭಾರತದಲ್ಲಿ 2009ರಲ್ಲಿ ಆರಂಭವಾದ ಬಹುಕೇಂದ್ರ ಅಧ್ಯಯನ, ಒಂದೇ ಡೋಸ್ ಪಡೆದ ಹುಡುಗಿಯರಿಗೂ 16 ಮತ್ತು 18ರ ಬಗೆಯ ದೀರ್ಘಕಾಲದ ಸೋಂಕಿನಿಂದ ಶೇ 95ರಷ್ಟು ರಕ್ಷಣೆ ಕಂಡಿತು. ಮಂಗನ ಕಾಯಿಲೆಯ ಲಸಿಕೆಗೆ ಯಾವ ಪ್ರಶ್ನೆ ಹಾಕಿ ನಾವು ಅದನ್ನು ಸೋಲಿಸಿದೆವೋ ಅದೇ ಪ್ರಶ್ನೆಗೆ ಇವು ಉತ್ತರ: ಪಡೆದವರಲ್ಲಿ ಎಷ್ಟು, ಪಡೆಯದವರಲ್ಲಿ ಎಷ್ಟು.

ಮೂರನೆಯ ಮಾತಿನವರು ಇಷ್ಟಕ್ಕೆ ಸೋಲೊಪ್ಪುವುದಿಲ್ಲ. ‘ಕ್ಯಾನ್ಸರ್ ವೈರಸ್ಸು ಹುಡುಕುವುದೇ ಅವರ ಕಸುಬು, ಎಲ್ಲ ಕಡೆಯೂ ಅವರಿಗೆ ಅದೇ ಕಾಣುತ್ತದೆ’ ಎನ್ನುತ್ತಾರೆ. ಶಾ ಅವರ ವೃತ್ತಿಜೀವನದ ಇನ್ನೊಂದು ಅಧ್ಯಾಯ ಇದಕ್ಕೆ ನೇರ ಉತ್ತರ. ಎಸ್‌ವಿ40 ಎಂಬುದು ಉತ್ತರ ಭಾರತದ ರೀಸಸ್ ಕೋತಿಗಳಲ್ಲಿ ಸಹಜವಾಗಿ ಇರುವ ವೈರಸ್ಸು. ಪೋಲಿಯೊ ಲಸಿಕೆಯನ್ನು ಇಂಥ ಕೋತಿಗಳ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸುತ್ತಿದ್ದುದರಿಂದ ವೈರಸ್ಸು ಲಸಿಕೆಯೊಳಗೂ ಸೇರಿತ್ತು. ಕೋತಿಯ ಮೂತ್ರಪಿಂಡದ ಸಾರ ಹ್ಯಾಮ್‌ಸ್ಟರ್‌ಗಳಲ್ಲಿ ಗಡ್ಡೆ ಎಬ್ಬಿಸುತ್ತದೆ ಎಂದು ಅಮೆರಿಕದ ವಿಜ್ಞಾನಿ ಬರ್ನಿಸ್ ಎಡ್ಡಿ ಎಚ್ಚರಿಸಿದಾಗ ಮೇಲಧಿಕಾರಿಗಳು ಲಸಿಕೆ ಪರೀಕ್ಷೆಯ ಕೆಲಸವನ್ನೇ ಅವರಿಂದ ಕಿತ್ತುಕೊಂಡರು. ವೈರಸ್ಸು 1960ರಲ್ಲಿ ಪತ್ತೆಯಾಯಿತು. ಅಷ್ಟರಲ್ಲಿ ಕೋಟ್ಯಂತರ ಜನ ಲಸಿಕೆ ಪಡೆದಾಗಿತ್ತು. ಸಂಶಯವಾದಿಗಳಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಬೇಕಿಲ್ಲ. ಕ್ಯಾನ್ಸರ್ ವೈರಸ್ಸು ಹುಡುಕುವವನಿಗೂ ಇದಕ್ಕಿಂತ ದೊಡ್ಡ ಬೇಟೆ ಇಲ್ಲ. ಭಾರತೀಯರ ರಕ್ತದಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯಗಳನ್ನು ಶಾ 1966ರಲ್ಲೇ ವರದಿ ಮಾಡಿದ್ದರು. ರೀಸಸ್ ಕೋತಿಗಳಿಲ್ಲದ ದಕ್ಷಿಣ ಭಾರತದವರ ರಕ್ತವನ್ನೂ ನೋಡಿ 1971ರಲ್ಲಿ ಬರೆದರು. ಮನುಷ್ಯರಲ್ಲಿ ಬಿಕೆ, ಜೆಸಿ ಎಂಬ ಸೋದರ ವೈರಸ್ಸುಗಳಿವೆ, ಅವುಗಳ ಪ್ರತಿಕಾಯಗಳು ಎಸ್‌ವಿ40 ಪರೀಕ್ಷೆಯಲ್ಲೂ ಅಡ್ಡ ಹಾಯಬಲ್ಲವು ಎಂಬುದು ಆಮೇಲೆ ಸ್ಪಷ್ಟವಾಯಿತು. ಅಂದರೆ ಪ್ರತಿಕಾಯ ಸಿಕ್ಕಿತೆಂದ ಮಾತ್ರಕ್ಕೆ ಎಸ್‌ವಿ40 ಸೋಂಕು ಸಾಬೀತಾಗದು.

ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೊಮ ಎಂಬ ಕ್ಯಾನ್ಸರಿನಲ್ಲಿ ಎಸ್‌ವಿ40 ಸಿಕ್ಕಿತೆಂದು 1994ರಲ್ಲಿ ವರದಿ ಬಂದಾಗ ಲೋಕವೇ ತಿರುಗಿ ನೋಡಿತು. ಶಾ ಇದ್ದ ತಂಡ ಅಂಥ 50 ಗಡ್ಡೆಗಳನ್ನು ಪರೀಕ್ಷಿಸಿ, ವೈರಸ್ಸು ಸಿಗಲಿಲ್ಲವೆಂದು 1996ರಲ್ಲಿ ಬರೆಯಿತು. ಯಾವ ಮಾದರಿ ಯಾರದೆಂದು ತಿಳಿಸದೆ ಹಲವು ಪ್ರಯೋಗಾಲಯಗಳಿಗೆ ಹಂಚಿ ಮಾಡಿದ ಪರೀಕ್ಷೆಯಲ್ಲೂ ಆ ನಂಟು ನಿಲ್ಲಲಿಲ್ಲ. ಪ್ರಯೋಗಾಲಯಗಳಲ್ಲಿ ದಿನನಿತ್ಯ ಬಳಸುವ ಡಿಎನ್‌ಎ ತುಣುಕುಗಳಲ್ಲೇ ಎಸ್‌ವಿ40ರ ಅಂಶ ಇರುವುದರಿಂದ, ಅವು ಬೆರೆತು ಸುಳ್ಳು ಫಲಿತಾಂಶ ಬರಬಲ್ಲವೆಂದು ಇತರರು 2004ರಲ್ಲಿ ತೋರಿಸಿದರು. ಮನುಷ್ಯರ ಕ್ಯಾನ್ಸರಿಗೆ ಎಸ್‌ವಿ40 ಕಾರಣವೆನ್ನಲು ಆಧಾರ ಸಾಲದೆಂದು 2007ರ ಸಮೀಕ್ಷಾ ಲೇಖನದಲ್ಲಿ ಶಾ ತೀರ್ಮಾನಿಸಿದರು. ಒಬ್ಬನೇ ಸಂಶೋಧಕ, ಮೂರು ತೀರ್ಪು: ಈ ಲಸಿಕೆ ಕೆಲಸ ಮಾಡದು, ಈ ವೈರಸ್ಸು ಕ್ಯಾನ್ಸರ್ ತರುತ್ತದೆ, ಆ ವೈರಸ್ಸು ತರುತ್ತದೆನ್ನಲು ಆಧಾರವಿಲ್ಲ. ಪಕ್ಷ ಕಟ್ಟಿಕೊಂಡವನ ತೀರ್ಪುಗಳು ಒಂದೇ ದಿಕ್ಕಿಗೆ ವಾಲುತ್ತವೆ, ಇವು ವಾಲುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಜಾಗ ಕೊಡಬೇಕು. ಮೊದಲನೆಯದು: ‘ವಿಜ್ಞಾನಿ ಪ್ರಾಮಾಣಿಕನಿರಬಹುದು, ಸರ್ಕಾರ ಹಾಗಿಲ್ಲವಲ್ಲ. ಒಂದು ಡೋಸಿನಿಂದ ಪ್ರಯೋಜನವಿಲ್ಲವೆಂದು 2013ರಲ್ಲೇ ಗೊತ್ತಾದರೂ ಲಸಿಕೆ ಇನ್ನೂ ಒಂಬತ್ತು ವರ್ಷ ನಡೆಯಿತು. ಖಮ್ಮಂ ಮತ್ತು ವಡೋದರಾದಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆ ನಡೆಸಿದಾಗ ಹಾಸ್ಟೆಲ್ ವಾರ್ಡನ್‌ಗಳಿಂದ ಒಪ್ಪಿಗೆ ಸಹಿ ಹಾಕಿಸಿಕೊಂಡರು, 2010ರಲ್ಲಿ ಅದನ್ನು ನಿಲ್ಲಿಸಬೇಕಾಯಿತು, 2013ರಲ್ಲಿ ಸಂಸದೀಯ ಸಮಿತಿ ಛೀಮಾರಿ ಹಾಕಿತು.’ ಇದೆಲ್ಲ ನಿಜ, ಮುಚ್ಚಿಡುವಂಥದ್ದೂ ಅಲ್ಲ. ಆ ಯೋಜನೆಯಲ್ಲಿ ಸತ್ತ ಏಳು ಹುಡುಗಿಯರ ಸಾವಿಗೆ ಲಸಿಕೆ ಕಾರಣವೆಂದು ತನಿಖೆ ಕಂಡುಕೊಳ್ಳಲಿಲ್ಲ. ಒಪ್ಪಿಗೆಯ ವಿಷಯದಲ್ಲಿ ತಪ್ಪಾಗಿದೆ ಎಂದು ಮಾತ್ರ ಸ್ಪಷ್ಟವಾಗಿ ಹೇಳಿತು. ಈ ಆಕ್ಷೇಪ ಆಡಳಿತವನ್ನು ಅಪರಾಧಿ ಮಾಡುತ್ತದೆ. ವೈರಸ್ಸಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಅದು ಮುಟ್ಟುವುದೇ ಇಲ್ಲ. ತಪ್ಪು ವಿಧಾನದಿಂದ ಹಂಚಿದ ಮದ್ದು ಸರಿಯಾದ ಮದ್ದಾಗಿರಬಲ್ಲದು, ನಿಯಮಬದ್ಧವಾಗಿ ಹಂಚಿದ ಮದ್ದು ನಿಷ್ಪ್ರಯೋಜಕವೂ ಆಗಿರಬಲ್ಲದು. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರ ಬೇಕು.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮ: ‘ಲಸಿಕೆಯ ಮೇಲಿನ ನಂಬಿಕೆ ಬಿಟ್ಟು ಶಾ ಮೇಲೆ ನಂಬಿಕೆ ಇಡಿ ಎನ್ನುತ್ತಿದ್ದೀರಿ, ವ್ಯತ್ಯಾಸವೇನು?’ ಶಾ ಅವರ ಮಾತಿಗೆ ಬೆಲೆ ಬಂದದ್ದು ಅವರು ಸಜ್ಜನರೆಂದಲ್ಲ, ಅವರ ಎಣಿಕೆಯನ್ನು ಬೇರೆಯವರು ಮತ್ತೆ ಮಾಡಿ ನೋಡಬಹುದಾಗಿತ್ತು ಎಂಬುದರಿಂದ. ಗರ್ಭಕಂಠದ ಗಡ್ಡೆಗಳಲ್ಲಿ ಎಚ್‌ಪಿವಿಯನ್ನು ಬೇರೆಯವರೂ ಮತ್ತೆ ಮತ್ತೆ ಕಂಡರು. ಎಸ್‌ವಿ40ರ ನಂಟು ಬೇರೆಯವರ ಕಟ್ಟುನಿಟ್ಟಿನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ವ್ಯಕ್ತಿಯನ್ನು ನಂಬಿದರೆ ಅವನು ತಪ್ಪಿದಾಗ ನಾವೂ ತಪ್ಪುತ್ತೇವೆ. ವಿಧಾನವನ್ನು ಹಿಡಿದರೆ ಅವನ ತಪ್ಪು ಅದರಿಂದಲೇ ಹೊರಬೀಳುತ್ತದೆ.

ಈ ತರ್ಕವನ್ನು ಒಪ್ಪುವವರು ಅದರ ಕಹಿ ತುದಿಯನ್ನೂ ಒಪ್ಪಬೇಕಾಗುತ್ತದೆ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2004ರ ತನ್ನ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಸೇರದ ಅಡಿಕೆಯನ್ನೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ‘ನಮ್ಮಜ್ಜ 80 ವರ್ಷ ಕವಳ ಹಾಕಿದ, ಏನೂ ಆಗಲಿಲ್ಲ’ ಎನ್ನುವುದು, ಸೋಂಕಿದ್ದವರಿಗೆಲ್ಲ ಕ್ಯಾನ್ಸರ್ ಏಕಿಲ್ಲ ಎಂಬ ಪ್ರಶ್ನೆಯ ಇನ್ನೊಂದು ರೂಪ. ಅಲ್ಲಿ ನಿಲ್ಲದ್ದು ಇಲ್ಲಿಯೂ ನಿಲ್ಲದು. ಬೆಳೆಗಾರರ ಪರವಾಗಿ ಹೇಳಬೇಕಾದ ನ್ಯಾಯದ ಮಾತೂ ಒಂದಿದೆ. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಊಟದ ಮೇಲೆ ಒಂದು ಕವಳಕ್ಕೂ ದಿನವಿಡೀ ಬಾಯಲ್ಲಿರುವ ಗುಟ್ಕಾಕ್ಕೂ ಅಪಾಯ ಒಂದೇ ಎಂದು ಅದರಿಂದ ಹೊರಡುವುದಿಲ್ಲ. ಎಷ್ಟಕ್ಕೆ ಎಷ್ಟು ಎಂಬ ಲೆಕ್ಕ ಕೇಳುವ ಹಕ್ಕು ಬೆಳೆಗಾರನಿಗೆ ಇದೆ. ಲೆಕ್ಕವೇ ಬೇಡ ಎನ್ನುವ ಹಕ್ಕು ಇಲ್ಲ.

ಶಾ ಮಲೆನಾಡನ್ನು ಮರೆತಿರಲಿಲ್ಲ. ಮಂಗನ ಕಾಯಿಲೆಯ ವೈರಸ್ಸಿಗೆ ಹತ್ತಿರದ, ಆದರೆ ಸೌಮ್ಯವಾದ ಲಂಗತ್ ವೈರಸ್ಸಿನ ಸೋಂಕು ಕೋತಿಗಳಿಗೆ ರಕ್ಷಣೆ ಕೊಟ್ಟೀತೇ ಎಂದು ದಶಕಗಳ ಹಿಂದೆ ನಡೆಸಿದ್ದ ಪ್ರಯೋಗದ ಫಲಿತಾಂಶವನ್ನು ಅವರು ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದರು. ರಕ್ಷಣೆಯ ಗುರುತು ಅದರಲ್ಲಿತ್ತು. ಈಗ ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಮಂಗನ ಕಾಯಿಲೆಗೆ ಹೊಸ ಲಸಿಕೆ ಸಿದ್ಧಪಡಿಸುತ್ತಿವೆ. ಅದು ಸಿದ್ದಾಪುರಕ್ಕೆ ಬಂದ ದಿನ ಕಣ್ಣುಮುಚ್ಚಿ ತೋಳು ಚಾಚುವುದೂ ತಪ್ಪು, ಹಳೆಯದು ಸೋತಿತೆಂದು ಬಾಗಿಲು ಹಾಕಿಕೊಳ್ಳುವುದೂ ತಪ್ಪು. ಪಡೆದವರಲ್ಲಿ ಎಷ್ಟು, ಪಡೆಯದವರಲ್ಲಿ ಎಷ್ಟು, ಎಣಿಸಿದವರು ಯಾರು, ಮತ್ತೆ ಎಣಿಸಿ ನೋಡಿದವರು ಯಾರು ಎಂದು ಆರೋಗ್ಯ ಇಲಾಖೆಯನ್ನು ಕೇಳಬೇಕು. ಉತ್ತರ ಬರೆದು ಕೊಡುವವರೆಗೂ ಕೇಳಬೇಕು. ಎಚ್‌ಪಿವಿ ಲಸಿಕೆ ಈ ನಾಲ್ಕೂ ಪ್ರಶ್ನೆಗಳಿಗೆ ಈಗಾಗಲೇ ಉತ್ತರ ಕೊಟ್ಟಿದೆ. ಮಂಗನ ಕಾಯಿಲೆಯ ಲಸಿಕೆ ಸೋತಿತೆಂಬ ಕಾರಣಕ್ಕೆ ಮಗಳಿಗೆ ಎಚ್‌ಪಿವಿ ಲಸಿಕೆ ತಪ್ಪಿಸುವ ತಂದೆತಾಯಿ, ಆ ಸೋಲನ್ನು ತಮಗೆ ತಿಳಿಸಿಕೊಟ್ಟ ಲೆಕ್ಕವನ್ನೇ ತಳ್ಳಿಹಾಕಿದಂತೆ.